ಸಭೆಗೆ ಮೊದಲೇ ಬರೆದ ಸುದ್ದಿ

ಈಗ ಸುದ್ದಿಗಾರಿಕೆಗೆ ಕಾಲಿಡುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ಮೊದಲು ಬಸ್ಸಿನ ವಿಷಯ ಹೇಳಬೇಕು. ನಮ್ಮ ಕಾಲದಲ್ಲಿ ಯಾವುದು ಸುದ್ದಿ, ಯಾವುದು ಅಲ್ಲ ಎಂದು ತೀರ್ಮಾನಿಸುತ್ತಿದ್ದದ್ದು ಸಂಪಾದಕರಲ್ಲ, ಮಧ್ಯಾಹ್ನ ಮೂರು ಗಂಟೆಯ ಹುಬ್ಬಳ್ಳಿ ಬಸ್ಸು. ಬರೆದ ಹಾಳೆಗಳನ್ನು ಕವರಿನಲ್ಲಿ ಹಾಕಿ, ಅಂಟಿಸಿ, ಕಂಡಕ್ಟರನ ಕೈಗೆ ಕೊಡುವುದು. ಅವನು ಅದನ್ನು ಟಿಕೆಟ್ ಪೆಟ್ಟಿಗೆಯ ಕೆಳಗೆ ಒತ್ತಿಟ್ಟುಕೊಳ್ಳುವನು. ಸಂಜೆ ಹುಬ್ಬಳ್ಳಿ ನಿಲ್ದಾಣದಲ್ಲಿ ಪತ್ರಿಕೆಯ ಜವಾನ ಬಂದು ಒಯ್ಯುವನು. ಮೂರರ ಬಸ್ಸು ತಪ್ಪಿತೋ, ಊರಿನಲ್ಲಿ ಆಕಾಶವೇ ಕಳಚಿ ಬಿದ್ದಿದ್ದರೂ ಅದು ನಾಡಿದ್ದಿನ ಪತ್ರಿಕೆಗೆ.

೧೯೯೭ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಹೊಸ ಜಿಲ್ಲೆ, ಹೊಸ ಉಮೇದು. ನನಗೆ ಕುಷ್ಟಗಿ, ಯಲಬುರ್ಗಾ ಎರಡೂ ತಾಲೂಕು ಒಪ್ಪಿಸಿದರು. ಗಂಗಾವತಿಯಲ್ಲಿ ಆಳಿಲ್ಲದ ದಿನ ಅಲ್ಲಿಗೂ ಓಡಿಸುತ್ತಿದ್ದರು. ಪತ್ರಿಕೆಯ ಹೆಸರು ಬೇಡ. ಅದರ ಉಪ್ಪು ಉಂಡಿದ್ದೇನೆ, ಜಗಳವನ್ನೂ ಆಡಿದ್ದೇನೆ.

ಸಭೆ ಸಮಾರಂಭಗಳೆಲ್ಲ ನಮ್ಮ ಕಡೆ ಸಂಜೆ ಐದರ ಮೇಲೆಯೇ. ಬಸ್ಸು ಮೂರಕ್ಕೆ. ಹೀಗಾಗಿ ನಾವೆಲ್ಲ ಒಂದು ವಿದ್ಯೆ ಕಲಿತಿದ್ದೆವು. ಕರಪತ್ರ ಎದುರಿಗಿಟ್ಟುಕೊಂಡು, ಆಗದ ಸಭೆಯನ್ನು ಆದಂತೆ ಬರೆಯುವುದು. ಇಂಥವರು ಅಧ್ಯಕ್ಷತೆ ವಹಿಸಿದ್ದರು, ಇಂಥವರು ಮಾರ್ಮಿಕವಾಗಿ ಮಾತನಾಡಿದರು, ಇಂಥವರು ವಂದಿಸಿದರು. ಅದನ್ನು ಯಾರೂ ತಪ್ಪು ಎನ್ನುತ್ತಿರಲಿಲ್ಲ, ಜಾಣತನ ಎನ್ನುತ್ತಿದ್ದರು.

ಒಮ್ಮೆ ಗಂಗಾವತಿಯ ಒಂದು ಕಟ್ಟಡದ ಉದ್ಘಾಟನೆಗೆ ಮುಖ್ಯ ಅತಿಥಿಯೇ ಬರಲಿಲ್ಲ. ನನ್ನ ವರದಿಯಲ್ಲಿ ಮಾತ್ರ ಅವರು ಬಂದಿದ್ದರು, ಹನ್ನೆರಡು ಸಾಲು ಮಾತನಾಡಿದ್ದರು. ಮರುದಿನ ಅವರೇ ಫೋನು ಮಾಡಿದರು. ಆ ಕಡೆಯಿಂದ ನಗು ಬಂತು: ‘ಅಲ್ರಿ ಶಂಕ್ರಪ್ಪನವರ, ನಾ ಬಳ್ಳಾರ್ಯಾಗ ಮಲ್ಕೊಂಡಿದ್ದೆ. ಆದ್ರೂ ಭಾಳ ಛಲೋ ಮಾತಾಡೀನಿ ನೋಡ್ರಿ!’

ಹಾಗೆ ನಕ್ಕು ಬಿಟ್ಟಿದ್ದೇ ನನಗೆ ಮುಳುವಾಯಿತು. ಬೈದಿದ್ದರೆ ಅಂದೇ ಕಲಿಯುತ್ತಿದ್ದೆ.

ಮರುವರ್ಷದ ಮೇ ತಿಂಗಳು. ರಾಜಸ್ಥಾನದ ಮರಳಿನಲ್ಲಿ ನಮ್ಮ ದೇಶ ಅಣುಬಾಂಬಿನ ಪರೀಕ್ಷೆ ಮಾಡಿತು. ‘ಸ್ಥಳೀಯ ಪ್ರತಿಕ್ರಿಯೆ ಕಳಿಸು, ಸಂಭ್ರಮದ್ದು ಇರಲಿ’ ಎಂದು ಹುಬ್ಬಳ್ಳಿಯಿಂದ ಫೋನು ಬಂತು. ಸಂಭ್ರಮಕ್ಕೇನೂ ಬರವಿರಲಿಲ್ಲ. ಕುಷ್ಟಗಿಯ ನಿಲ್ದಾಣದ ಚಹಾದಂಗಡಿಯಲ್ಲಿ ಪೇಡೆ ಹಂಚುತ್ತಿದ್ದರು. ನಾನೂ ಒಂದು ತಿಂದೆ. ಸುಳ್ಳು ಯಾಕೆ ಹೇಳಲಿ, ನನಗೂ ಎದೆ ಉಬ್ಬಿತ್ತು.

ಹನುಮಸಾಗರದ ಸಂತೆಗೆ ಹೋದೆ. ಅಲ್ಲಿ ಸಜ್ಜೆ ಮಾರುತ್ತಿದ್ದ ಒಬ್ಬ ಮುದುಕಿಯ ಮುಂದೆ ಕೂತು ಕೇಳಿದೆ. ಆಕೆ ನನ್ನನ್ನೇ ಕೇಳಿದಳು: ‘ಯಾರ ಮ್ಯಾಲ ಹಾಕತಾರಂತೋ ತಮ್ಮಾ ಅದನ್ನ?’

‘ಯಾರ ಮ್ಯಾಲೂ ಇಲ್ಲಬೇ. ಸುಮ್ನ ಹೆದರಸಾಕ.’

‘ಹೆದರಸಾಕ ಅಂತ ಬಾಗಲ ಸಂದ್ಯಾಗ ಇಟ್ಟ ಬಡಿಗಿ ಒಂದಿಲ್ಲೊಂದ ದಿನ ಕೈಯಾಗ ಬರತೈತಿ. ಅವ್ರ ಕಡೆ ಇಲ್ಲೇನು ಬಡಿಗಿ?’

‘ಐತಿ ಅಂತಾರ.’

‘ಮತ್ತ ಇಬ್ರೂ ಬಡದಾಡಿದ್ರ ಸಜ್ಜಿ ಯಾರು ಬಿತ್ತಬೇಕು?’

ನಮ್ಮ ಅಜ್ಜಿ ಹೇಳುತ್ತಿದ್ದ ಮಾತು ನೆನಪಾಯಿತು: ಗೂಳಿ ಗೂಳಿ ಗುದ್ದಾಡಿ ನಡುವಿನ ಗಿಡ ಬಡವಾಯಿತು. ಪೇಡೆ, ಮುದುಕಿ ಎರಡನ್ನೂ ಸೇರಿಸಿ ಬರೆದು ಕಳಿಸಿದೆ. ಪೇಡೆ ಪ್ರಕಟವಾಯಿತು, ಮುದುಕಿ ಆಗಲಿಲ್ಲ. ನಮ್ಮ ಸುದ್ದಿ ಸಂಪಾದಕರು ಜೋಶಿಯವರು, ‘ಎಲ್ಲಾರೂ ಕುಣಿಯೂವಾಗ ಒಬ್ಬಾಕಿ ಅಳಬಾರದೋ’ ಎಂದರು. ಕೆಟ್ಟವರಲ್ಲ ಅವರು. ಒಂದು ವಾಕ್ಯದಿಂದ ನಾಲ್ಕು ಪದ ಕಿತ್ತು ಅದನ್ನು ನಿಲ್ಲಿಸುವುದು ಹೇಗೆಂದು ನನಗೆ ಕಲಿಸಿದವರು. ಆ ಸಲ ಕೀಳಬಾರದ್ದನ್ನು ಕಿತ್ತರು.

ತಿಂಗಳು ಮುಗಿಯುವುದರೊಳಗೆ ಆ ಕಡೆಯ ದೇಶವೂ ತನ್ನ ಬಾಂಬು ಹಾರಿಸಿತು. ಪೇಡೆ ಹಂಚಿದ ಚಹಾದಂಗಡಿಯಲ್ಲಿ ಈಗ ಪಂಚಾಯ್ತಿ. ‘ಅವ್ರು ಮಾಡಾಕತ್ತಿದ್ರು ಅಂತ ನಾವು ಮಾಡೀವಿ.’ ‘ನಾವು ಮಾಡಿದ್ವಿ ಅಂತ ಅವ್ರು ಮಾಡ್ಯಾರಂತ.’ ‘ಮೊದಲ ಯಾರು ಚಾಲೂ ಮಾಡಿದ್ದು?’ ಈ ಕೊನೆಯ ಪ್ರಶ್ನೆಗೆ ಎಷ್ಟು ಚಹಾ ಕುಡಿದರೂ ಉತ್ತರ ಸಿಗುತ್ತಿರಲಿಲ್ಲ.

ಆಗ ಊರಿನ ಕೆಲವರು ಸೇರಿ ಆ ಕಡೆಯ ಬಾಂಬನ್ನು ಖಂಡಿಸಲು ಎರಡು ದಿನದ ಕಾರ್ಯಕ್ರಮ ಇಟ್ಟುಕೊಂಡರು. ಮುಂದಾಳು ಕಿರಾಣಿ ವ್ಯಾಪಾರಿ ಮಲ್ಲೇಶಪ್ಪ. ಮೊದಲ ದಿನ ಸಂಜೆ ನಾಲ್ಕರಿಂದ ಆರರವರೆಗೆ ಅಂಗಡಿ ಬಂದ್, ಐದಕ್ಕೆ ಮೆರವಣಿಗೆ. ಎರಡನೆಯ ದಿನ ಪರ ಊರಿನ ಭಾಷಣಕಾರರ ಸಭೆ. ನಾನು ಮೂರರ ಬಸ್ಸಿಗೆ ಕವರು ಕೊಟ್ಟು, ತಾವರಗೇರಾಕ್ಕೆ ಸಂಬಂಧಿಕರ ಮದುವೆಗೆ ಹೋಗಬೇಕಿತ್ತು. ಎರಡು ಗಂಟೆಗೆ ಬಜಾರದಲ್ಲಿ ಒಂದು ಸುತ್ತು ಹಾಕಿದೆ. ಇನ್ನೂ ಇಳಿಯದ ಬೇಸಿಗೆಯ ಬಿಸಿಲು. ಉಂಡು ಅಡ್ಡಾಗಲು ಎಲ್ಲರೂ ಷಟರ್ ಎಳೆದಿದ್ದರು. ನಿಲ್ದಾಣದ ಎದುರಿನ ಹುಸೇನಸಾಬರ ಮೈಕ್ ಅಂಗಡಿಯೊಂದೇ ಪೂರ್ತಿ ತೆರೆದಿತ್ತು. ವೈರುಗಳನ್ನು ಹರವಿಕೊಂಡು, ಕಿವಿಯ ಮೇಲೆ ಟೆಸ್ಟರ್ ಸಿಕ್ಕಿಸಿಕೊಂಡು ಅವರು ಬಗ್ಗಿ ಕೂತಿದ್ದರು. ನನ್ನ ಅವಸರದಲ್ಲಿ ನಾನು ಮಾತನಾಡಿಸಲಿಲ್ಲ.

ಹೋಗಿ ಬರೆದೆ. ಮೆರವಣಿಗೆ ನಡೆಸಿದೆ, ಘೋಷಣೆ ಕೂಗಿಸಿದೆ. ಇಡೀ ಪಟ್ಟಣ ಸ್ವಯಂಪ್ರೇರಣೆಯಿಂದ ಬಂದ್ ಆಚರಿಸಿತು ಎಂದೆ. ವರದಿಗೆ ಸ್ವಲ್ಪ ಕಣ್ಣಾರೆ ಕಂಡ ಬಣ್ಣ ಇರಲಿ ಎಂದು ಒಂದು ಸಾಲು ಸೇರಿಸಿದೆ: ‘ಬಸ್ ನಿಲ್ದಾಣದ ಎದುರಿನ ಮೈಕ್ ಅಂಗಡಿಯೊಂದು ಮಾತ್ರ ತೆರೆದಿದ್ದುದು ಕಂಡುಬಂತು.’

ಕಂಡುಬಂತು! ಯಾರಿಗೆ, ಎಷ್ಟು ಹೊತ್ತಿಗೆ, ಎಲ್ಲಿ ನಿಂತಾಗ? ನಾವು ಪತ್ರಿಕೆಯವರು ಬಳಸುವ ಪದಗಳಲ್ಲಿ ಇದರಷ್ಟು ಹೇಡಿ ಪದ ಇನ್ನೊಂದಿಲ್ಲ.

ಮರುದಿನ ಮಧ್ಯಾಹ್ನ ತಾವರಗೇರಾದಿಂದ ಬಂದು ಇಳಿದರೆ ಹುಸೇನಸಾಬರ ಅಂಗಡಿಯ ಮುಂದೆ ಜನ. ಗಲಾಟೆಯಿಲ್ಲ, ಸುಮ್ಮನೆ ನಿಂತು ನೋಡುವ ಜನ. ಮೇಲೆ ಕಟ್ಟಿದ್ದ ಧ್ವನಿವರ್ಧಕದ ಹಾರ್ನಿನ ಬಾಯಿ ಕಲ್ಲೇಟಿಗೆ ನೆಗ್ಗಿತ್ತು. ಹುಬ್ಬಳ್ಳಿಯವರು ನನ್ನ ಒಂದು ಸಾಲಿಗೆ ಸುತ್ತ ಗೆರೆ ಎಳೆದು ಬಾಕ್ಸ್ ಕಟ್ಟಿ, ಮೇಲೊಂದು ತಲೆಬರಹ ಕೊಟ್ಟಿದ್ದರು: ‘ಬಂದ್‌ಗೆ ಓಗೊಡದ ಅಂಗಡಿ.’ ಕುಷ್ಟಗಿಯ ನಿಲ್ದಾಣದ ಎದುರು ಮೈಕ್ ಅಂಗಡಿ ಇದ್ದದ್ದೇ ಒಂದು. ಹೆಸರು ಬರೆಯುವ ಅಗತ್ಯ ಎಲ್ಲಿತ್ತು?

ಅವರು ಒಳಗೆ ಕೂತಿದ್ದರು. ನನಗೆ ಕಾಕಾ ಅವರು. ನಮ್ಮಪ್ಪ ತೀರಿಕೊಂಡಾಗ ರಾತ್ರಿಯಿಡೀ ಭಜನೆಗೆ ಮೈಕ್ ಹಚ್ಚಿಕೊಂಡು ಕೂತವರು.

‘ಕಾಕಾ, ನಿನ್ನಿ ಅಂಗಡಿ ಯಾಕ ತೆರದಿದ್ರಿ?’ ಎಂದೆ. ಆಗಲೂ ನಾನು ಅವರನ್ನೇ ಕೇಳುತ್ತಿದ್ದೆ ನೋಡಿ.

ಅವರು ನನ್ನ ಮುಖವನ್ನೇ ನೋಡಿದರು. ‘ಮೆರವಣಿಗಿಗೆ ಮೈಕ್ ಯಾರದು ತಮ್ಮಾ?’

‘ಯಾರದ್ರಿ?’

‘ನಂದ ಅಲ್ಲೇನು? ಎರಡಕ್ಕ ಅಂಗಡಿ ತೆರೀಲಿಲ್ಲಂದ್ರ ಬ್ಯಾಟ್ರಿ, ಹಾರ್ನ್ ಎಲ್ಲಿಂದ ತಗೀಲಿ? ನಾಕಕ್ಕ ಬಾಗಲಾ ಹಾಕೀನಿ. ಮೆರವಣಿಗಿ ಮುಂದ ತಳ್ಳಗಾಡಿ ಸಂಗಾಟ ನಡದೀನಿ. ನೀ ಎಲ್ಲಿದ್ದಿ?’

ನಾನು ಮದುವೆಯಲ್ಲಿ ಹೋಳಿಗೆ ಉಣ್ಣುತ್ತಿದ್ದೆ.

ಒಳಗಿನ ಬಾಗಿಲಿಂದ ಅವರ ಮನೆಯವರು ಬೀಬಿಜಾನ್ ಚಾಚಿ ಹೊರಗೆ ಬಂದರು. ಆಕೆಯ ನಾಲಿಗೆ ಊರಿಗೇ ಗೊತ್ತು. ‘ಮೊದಲ ಬರದು ಆಮ್ಯಾಗ ನೋಡೂದು, ಇದು ಯಾವ ಸಾಲಿ ವಿದ್ಯಾ ತಮ್ಮಾ? ನಿನ್ನ ಹೆಂಡ್ತಿ ರೊಟ್ಟಿ ಬಡಿಯೂದಕ್ಕ ಮೊದಲ ಉಂಡು ಕೈ ತೊಳಕೊಂತೀ ಏನು? ಮುಂಜಾನಿಂದ ಮೂರು ಮದವಿಯವರು ಬಂದು ಮೈಕ್ ಬ್ಯಾಡ ಅಂದು ಹ್ವಾದ್ರು. ಇವತ್ತು ಮೈಕ್ ಬ್ಯಾಡ ಅಂದವ್ರು ನಾಳೆ ನಾವ ಬ್ಯಾಡ ಅಂತಾರ.’

ಆ ಸಂಜೆಯ ಸಭೆಗೂ ಮೈಕ್ ಅವರದೇ. ಮೊದಲೇ ಗೊತ್ತುಮಾಡಿದ್ದು, ಇನ್ನೊಬ್ಬರನ್ನು ಕರೆಸಲು ಸಮಯವಿರಲಿಲ್ಲ. ಈ ಸಲ ನಾನು ಹೋದೆ, ಮುಂದಿನ ಸಾಲಿನಲ್ಲೇ ಕೂತೆ. ಭಾಷಣಕಾರರಿಗೆ ಮೈಕ್ ಯಾರದೆಂದು ಗೊತ್ತಿರಲಿಲ್ಲ. ನಮ್ಮ ಪತ್ರಿಕೆಯನ್ನು ಎತ್ತಿ ತೋರಿಸಿದರು. ಗಡಿಯಾಚೆ ಬಾಂಬು ಮಾಡಿದವರಿಗೂ ಇಲ್ಲಿ ಬಾಗಿಲು ತೆರೆದಿಟ್ಟವರಿಗೂ ಏನು ಫರಕು ಎಂದರು. ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಪಕ್ಕದಲ್ಲಿ ಆಂಪ್ಲಿಫೈಯರಿನ ಮುಂದೆ ಹುಸೇನಸಾಬರು ಕೂತಿದ್ದರು. ಅಷ್ಟರಲ್ಲಿ ಮೈಕ್ ಕುಂಯ್ ಎಂದು ಕಿರುಚಿ, ಭಾಷಣಕಾರರ ದನಿ ಮುಳುಗಿತು. ಹುಸೇನಸಾಬರು ಅದನ್ನು ಹಾಗೇ ಬಿಟ್ಟಿದ್ದರೆ ಯಾಕೆಂದು ಕೇಳುವವರಾರು? ಅವರು ಕೈಯೆತ್ತಿ ಗುಂಡಿ ತಿರುಗಿಸಿದರು. ಕಿರುಚಾಟ ನಿಂತು ಬೈಗುಳ ಮೊದಲಿಗಿಂತ ಸ್ವಚ್ಛವಾಗಿ ಕೇಳತೊಡಗಿತು.

ಹತ್ತಾರು ಸಾವಿರ ಸಾಲು ಬರೆದಿರಬಹುದು ನಾನು. ಆ ಕೈಯನ್ನು ನೋಡುವವರೆಗೆ ನನ್ನ ಕೆಲಸ ಏನೆಂದು ನನಗೆ ತಿಳಿದಿರಲಿಲ್ಲ.

ಎಸ್‌ಟಿಡಿ ಬೂತಿಗೆ ಓಡಿದೆ. ಜೋಶಿಯವರು ಶಾಂತವಾಗಿ ಕೇಳಿಸಿಕೊಂಡರು. ‘ಒಂದು ಸ್ಪಷ್ಟೀಕರಣ ಹಾಕೋಣ ಬಿಡು. ಅಂಗಡಿ ಬಂದ್ ಮಾಡಿದ್ದಾಗಿ ಮಾಲೀಕರು ತಿಳಿಸಿದ್ದಾರೆ ಅಂತ, ಏಳನೇ ಪುಟದಾಗ.’

ಬಂದು ಹುಸೇನಸಾಬರಿಗೆ ಹೇಳಿದೆ. ಅವರು ವೈರು ಸುತ್ತುತ್ತಲೇ ಇದ್ದರು. ‘ನಾ ಹೇಳೀನಿ ಅಂತ ಹಾಕತಾರ? ಕಳ್ಳ ‘ನಾ ಕಳ್ಳ ಅಲ್ಲ’ ಅಂದಂಗಾತು. ನಾ ಯಾಕ ಹೇಳಲಿ? ಬರದಾವ ನೀ. ನೀ ಹೇಳು.’

ಮರುದಿನ ನಾನೇ ಕವರಾಗಿ ಹುಬ್ಬಳ್ಳಿ ಬಸ್ಸು ಹತ್ತಿದೆ. ಜೇಬಿನಲ್ಲಿ, ಮೆರವಣಿಗೆಗೆ ಹೋಗಿದ್ದವರನ್ನು ಕೇಳಿ ಬರೆದ ನಾಲ್ಕು ಸಾಲು ಇತ್ತು: ವರದಿಯನ್ನು ಮೆರವಣಿಗೆಗೆ ಮೊದಲೇ ಬರೆಯಲಾಗಿತ್ತು, ವರದಿಗಾರ ಸ್ಥಳದಲ್ಲಿರಲಿಲ್ಲ, ಆ ಅಂಗಡಿ ಬಂದ್ ವೇಳೆ ಮುಚ್ಚಿತ್ತು, ಮೆರವಣಿಗೆಯ ಧ್ವನಿವರ್ಧಕ ಅದೇ ಅಂಗಡಿಯದು.

ಜೋಶಿಯವರು ಓದಿ ಕನ್ನಡಕ ತೆಗೆದಿಟ್ಟರು. ‘ಇದನ್ನ ಹಾಕಿದರ ನಮ್ಮ ಎಲ್ಲಾ ತಾಲೂಕಿನವರ ಬಂಡವಾಳ ಬಯಲಾಗತದ. ಎಲ್ಲಾರೂ ಮುಂಚೇನ ಬರೀತಾರೋ, ನಿನಗ ಗೊತ್ತಿಲ್ಲೇನು?’

‘ಗೊತ್ತೈತ್ರಿ ಸರ್. ಅದಕ್ಕ ಬಂದೀನಿ.’

‘ಆ ಇನ್ನೊಂದು ಪೇಪರಿನವರೂ ನಿನ್ನ ಸಾಲು ಎತ್ಕೊಂಡು ಬರದಾರ. ಮೊದಲ ಅವರು ತಿದ್ಕೊಳ್ಳಲಿ, ಆಮ್ಯಾಲೆ ನಾವು ನೋಡೋಣ. ನಾವ ಮೊದಲ ತಲಿ ಬಗ್ಗಿಸಿದರ ಅವರು ನಮ್ಮ ಹೆಗಲ ಮ್ಯಾಲೆ ಕೂಡತಾರ.’

ನನಗೆ ನಗು ಬಂತು. ಒಂದು ತಿಂಗಳಿಂದ ಎರಡೂ ದೇಶದ ದೊಡ್ಡವರ ಬಾಯಿಂದ ಇದೇ ಮಾತನ್ನು ಅದೇ ಟೇಬಲ್ಲಿನಿಂದ ಅಚ್ಚಿಗೆ ಕಳಿಸಿದ್ದರು. ‘ಸರ್,’ ಎಂದೆ, ‘ಬಾಂಬು ಇಟ್ಟುಕೊಂಡವರು ಆ ಮಾತು ಆಡಲಿ. ನನ್ನ ಕಡೆ ಇರೂದು ಒಂದು ಪೆನ್ನು.’

‘ಮನೀಗೆ ಹೋಗು. ತಲಿ ತಣ್ಣಗಾಗೂತನಕ ಕವರು ಕಳಸಬ್ಯಾಡ’ ಎಂದರು. ಆರು ತಿಂಗಳು ಕಳಿಸಲಿಲ್ಲ. ಕೊನೆಗೆ ಅವರೇ ಕರೆದರು. ಕಾರಣ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಮೇಲಿನ ಮಾತನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮರುವರ್ಷ ಬೆಟ್ಟಗಳಲ್ಲಿ ಯುದ್ಧವಾಯಿತು. ಅದಾಗಿ ಎರಡು ವರ್ಷಕ್ಕೆ ಎರಡೂ ಕಡೆಯ ಸೈನ್ಯ ಗಡಿಯಲ್ಲಿ ಎದುರುಬದುರು ನಿಂತವು. ಆಗೆಲ್ಲ ನಮ್ಮ ಊರುಗಳಲ್ಲಿ ಯಾರೋ ಪಟಾಕಿ ಹಾರಿಸಿದರಂತೆ, ಯಾರೋ ಬಾವುಟ ಕಟ್ಟಿದರಂತೆ ಎಂದು ದಿನಕ್ಕೊಂದು ಸುದ್ದಿ ನನ್ನ ಬಾಗಿಲಿಗೆ ಬರುತ್ತಿತ್ತು. ನಾನು ಪ್ರತಿಯೊಂದಕ್ಕೂ ಹೋಗಿ ನಿಂತು ನೋಡಿದೆ. ಒಮ್ಮೆ ಯಲಬುರ್ಗಾದ ಕಡೆಯ ಒಂದು ಹಳ್ಳಿಗೆ ಸೈಕಲ್ಲಿನಲ್ಲಿ ಹೋದರೆ, ಗಾಳಿಗೆ ಹಾರುತ್ತಿದ್ದದ್ದು ದರ್ಗಾದ ಹಳೆಯ ಹಸಿರು ನಿಶಾನೆ. ಹುಟ್ಟಿದಾಗಿನಿಂದ ಅದನ್ನು ನೋಡಿದವರೇ ಅವತ್ತು ಹೊಸದಾಗಿ ನೋಡಿದ್ದರು. ಫ್ಯಾಕ್ಸು ಬಂತು, ಮೊಬೈಲು ಬಂತು, ಈಗ ನಿಮ್ಮ ವಾಟ್ಸ್ಯಾಪು. ಮೂರರ ಬಸ್ಸಿಗೆ ಒಂದೇ ಸುಳ್ಳು ಹತ್ತುತ್ತಿತ್ತು, ನಿಮ್ಮ ಕೈಯಲ್ಲಿರುವುದಕ್ಕೆ ಸೀಟಿನ ಲೆಕ್ಕವಿಲ್ಲ. ಅದಕ್ಕೇ ಹೇಳುತ್ತೇನೆ: ಬರೆಯುವ ಮೊದಲು, ಆ ಹೊತ್ತಿಗೆ ನಿಮ್ಮ ಕಾಲು ಎಲ್ಲಿ ನಿಂತಿತ್ತು ಎಂದು ಕೇಳಿಕೊಳ್ಳಿ. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರೆ ಹಿರಿಯರು. ಆ ಕೋಪವನ್ನು ತಡೆದುಕೊಳ್ಳಬಹುದು. ಕಾಣದ್ದನ್ನು ಕಂಡ ಹಾಗೆ ಹೇಳಿದ್ದಕ್ಕೆ ತೆರುವವನು ಬೇರೆಯವನು.

ಇನ್ನು ಆ ಬೇಸಿಗೆಗೇ ಮರಳುತ್ತೇನೆ. ಹುಬ್ಬಳ್ಳಿಯಿಂದ ಬರಿಗೈಯಲ್ಲಿ ಬಂದ ಮರುದಿನ ಬೆಳಿಗ್ಗೆ ಏಳನೆಯ ಪುಟದಲ್ಲಿ ಜೋಶಿಯವರ ಎರಡು ಸಾಲು ಬಂದಿತ್ತು, ‘ಮಾಲೀಕರು ತಿಳಿಸಿದ್ದಾರೆ’ ಎಂದೇ. ನಾನು ಹುಸೇನಸಾಬರಲ್ಲಿಗೆ ಹೋಗಿ, ‘ಕಾಕಾ, ಮೈಕ್ ಕೊಡ್ರಿ. ಬಜಾರದಾಗ ನಿಂತು ನಾನ ಓದತೀನಿ’ ಎಂದೆ.

‘ಕೊಡಂಗಿಲ್ಲ.’

‘ಯಾಕ್ರಿ?’

‘ನನ್ನ ಮೈಕಿನ್ಯಾಗ ನೀ ಮಾತಾಡಿದ್ರ ನಾನ ಮಾತಾಡಿಸೀನಿ ಅಂತಾರ. ನಿನಗ ಗಂಟಲಿಲ್ಲೇನು?’

ಇತ್ತು. ನನ್ನ ವರದಿ ಬಂದ ಪತ್ರಿಕೆಯನ್ನೂ ಜೋಶಿಯವರು ಹಾಕದ ನಾಲ್ಕು ಸಾಲನ್ನೂ ಕೈಯಲ್ಲಿ ಹಿಡಿದುಕೊಂಡು ನಿಲ್ದಾಣದ ತುದಿಯ ಮೊದಲ ಅಂಗಡಿಯಿಂದ ಶುರುಮಾಡಿದೆ. ಒಂದೊಂದೇ ಮೆಟ್ಟಿಲು ಹತ್ತುವುದು, ಪತ್ರಿಕೆ ತೋರಿಸುವುದು, ‘ಇದನ್ನ ಬರದಾವ ನಾನು. ನಾ ಮೆರವಣಿಗಿಗೆ ಬಂದಿದ್ದಿಲ್ಲ. ಸುಳ್ಳು ಬರದೀನಿ’ ಎಂದು ಹೇಳುವುದು, ನಾಲ್ಕು ಸಾಲು ಓದುವುದು, ಇಳಿಯುವುದು.

ಬಟ್ಟೆಯಂಗಡಿಯವರು ಗಿರಾಕಿಗಳ ಮುಂದೆಯೇ ನಕ್ಕರು: ‘ಮಾನ ಮಾರಾಕ ಹೊಂಟೀರೇನ್ರಿ ಶಂಕ್ರಣ್ಣ?’

‘ಮಾರಾಕಲ್ರಿ. ಬ್ಯಾರೆಯವರದು ನನ್ನ ಕಡೆ ಬಂದೈತಿ, ವಾಪಸ್ ಕೊಡಾಕ.’

ಕ್ಷೌರದಂಗಡಿಯ ಈರಣ್ಣ ಗಿರಾಕಿಯ ಗಲ್ಲದ ಮೇಲೆ ಕತ್ತಿ ಹಿಡಿದೇ ಕೇಳಿದ: ‘ಅಂದ್ರ ಆ ಅಣುಬಾಂಬ್ ಹಾರಿದ್ದರ ಖರೇನೋ, ಅದನ್ನೂ ಬಸ್ಸಿಗೆ ಮೊದಲ ಬರದು ಕಳಿಸಿದ್ರೋ?’ ಸಾಬೂನು ಹಚ್ಚಿಕೊಂಡಿದ್ದವನು ನಕ್ಕು ಕತ್ತಿಗೆ ಸಿಗುವುದರಲ್ಲಿದ್ದ.

ಒಬ್ಬ ಟೇಲರು ಮಾತ್ರ ತಲೆಯೆತ್ತಲಿಲ್ಲ. ‘ಏನೋ ಇದ್ದಿರಬೇಕು ಬಿಡ್ರಿ. ಏನೂ ಇಲ್ದ ಪೇಪರಿನ್ಯಾಗ ಬರತೈತೇನು?’

‘ಏನೂ ಇದ್ದಿಲ್ಲ. ನಾನೂ ಇದ್ದಿಲ್ಲ’ ಎಂದೆ. ಅವನು ಹೊಲಿಗೆ ಮುಂದುವರಿಸಿದ. ನಾನು ಇಳಿಯಲಿಲ್ಲ. ಅವನು ಕಾಲು ತೆಗೆದು ಯಂತ್ರ ನಿಲ್ಲಿಸುವವರೆಗೆ ನಿಂತು, ಇನ್ನೊಮ್ಮೆ ಓದಿದೆ.

ಮಲ್ಲೇಶಪ್ಪನ ಕಿರಾಣಿ ಅಂಗಡಿಗೆ ಬಂದಾಗ ನೆರಳು ಕಾಲ ಕೆಳಗೆ ಸೇರಿತ್ತು. ಅವರು ನನ್ನನ್ನು ಒಳಗೆ ಎಳೆದುಕೊಂಡರು. ‘ನಿನಗೇನ ತಲಿ ಕೆಟ್ಟೈತೇನೋ? ಇದು ಬರೇ ಹುಸೇನಸಾಬನ ಮಾತು ಅಂತ ತಿಳೀಬ್ಯಾಡ, ನಮ್ಮ ಕಾರ್ಯಕ್ರಮದ ಮರ್ಯಾದಿ ತೆಗ್ಯಾಕತ್ತೀ.’

‘ಮಲ್ಲೇಶಣ್ಣ, ಮೈಕ್ ಗೊತ್ತು ಮಾಡಿದವ್ರು ಯಾರು?’

ಅವರು ಬೆಲ್ಲದ ಪೆಂಟೆಯ ಮೇಲಿನ ನೊಣ ಓಡಿಸಿದರು.

‘ನೀವ ಮಾಡಿದ್ದಲ್ರಿ? ಮೆರವಣಿಗ್ಯಾಗ ಅವ್ರು ತಳ್ಳಗಾಡಿ ಸಂಗಾಟ ನಿಮ್ಮ ಮುಂದ ನಡದದ್ದು ನೀವ ನೋಡೀರಿ. ಮತ್ತ ಆ ಭಾಷಣ ಆಗೂವಾಗ ನೀವು ವೇದಿಕಿ ಮ್ಯಾಲ ಕುಂತಿದ್ರಿ.’

‘ಪೇಪರಿನ್ಯಾಗ ಬಂದದ್ದನ್ನ ನಾ ಹ್ಯಾಂಗ ಸುಳ್ಳು ಅನ್ನಲೋ?’ ದನಿ ಇಳಿದಿತ್ತು. ‘ನೀ ಬರದಿ ಅಂತ ನಾ ಸುಮ್ನಾದೆ.’

‘ನೀವು ಕರಪತ್ರ ಕೊಟ್ರಿ ಅಂತ ನಾ ಬರದೆ. ಹುಬ್ಬಳ್ಳಿಯವ್ರು, ನಾ ಕಳಿಸಿದೆ ಅಂತ ಬಾಕ್ಸ್ ಕಟ್ಟಿದ್ರು. ಇನ್ನು ಯಾರ ಮ್ಯಾಲ ಹಾಕೂದು ಉಳದೈತಿ? ನಂದು ನಾ ಹೇಳಾಕತ್ತೀನಿ. ನಿಮ್ಮದು ನೀವು ಹೇಳ್ರಿ.’

ಅವರು ಗಲ್ಲಾಪೆಟ್ಟಿಗೆಯ ಮೇಲಿದ್ದ ಟೋಪಿ ಹಾಕಿಕೊಂಡರು, ತೆಗೆದಿಟ್ಟರು, ಮತ್ತೆ ಹಾಕಿಕೊಂಡರು. ನನ್ನ ಜೊತೆ ಬಜಾರ ಸುತ್ತಲು ಒಪ್ಪಲಿಲ್ಲ. ಆದರೆ ಎದುರಿನ ಕಾಳಿನ ಅಂಗಡಿಗೆ ನಾನು ಹತ್ತಿದಾಗ, ತಮ್ಮ ಕಟ್ಟೆಯ ಮೇಲೆ ನಿಂತು ಕೂಗಿದರು: ‘ಶಂಕ್ರಪ್ಪ ಹೇಳೂದು ಖರೇ ಐತ್ರಿ! ಮೈಕ್ ಅವರ ಕಡಿಂದ ನಾನ ತರಿಸಿದ್ದು!’ ಕಾಳಿನಂಗಡಿಯವನು ತಕ್ಕಡಿ ಕೆಳಗಿಟ್ಟ. ಅಲ್ಲಿಂದ ಮುಂದೆ ಕೆಲವು ಅಂಗಡಿಗಳಲ್ಲಿ ನಾನು ಬಾಯಿ ತೆರೆಯುವ ಮೊದಲೇ, ‘ಕೇಳೀವ್ರಿ’ ಎಂದರು. ‘ಕೇಳಿದ್ರೂ ಓದತೀನ್ರಿ’ ಎಂದು ಓದಿದೆ.

ಸುತ್ತಿಕೊಂಡು ಮತ್ತೆ ನಿಲ್ದಾಣಕ್ಕೆ ಬರುವಾಗ ಗಂಟಲು ಬಿದ್ದುಹೋಗಿತ್ತು. ಹುಸೇನಸಾಬರು ನೆಗ್ಗಿದ ಹಾರ್ನನ್ನು ತೊಡೆಯ ಮೇಲಿಟ್ಟುಕೊಂಡು ಒಳಗಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಎಬ್ಬಿಸುತ್ತಿದ್ದರು. ಚಾಚಿ ಒಂದು ಚೊಂಬು ನೀರು ತಂದಿಟ್ಟು ಒಳಗೆ ಹೋದರು. ಬಾ, ಕೂಡು, ಚಾ ಕುಡಿ ಎಂದು ಇಬ್ಬರಲ್ಲಿ ಯಾರೂ ಅನ್ನಲಿಲ್ಲ.

ಹುಸೇನಸಾಬರು ತಟ್ಟುವುದನ್ನು ನಿಲ್ಲಿಸದೆ ಕೇಳಿದರು: ‘ಎಲ್ಲಾ ಆದ್ವೇನು?’

‘ಹಳೇ ಬಜಾರ ಆತು ಕಾಕಾ. ಆ ಕಡೆ ಓಣ್ಯಾಗ ಹನ್ನೊಂದು ಉಳದಾವು.’

ಅವರು ತಲೆಯೆತ್ತಿ ಬಿಸಿಲನ್ನು ನೋಡಿದರು, ಆಮೇಲೆ ನನ್ನನ್ನು.

‘ನೀರು ಕುಡದು ಹೋಗು,’ ಎಂದರು. ‘ಉಣ್ಣಾಕ ಷಟರ್ ಎಳಿಯೂದ್ರಾಗ ಹೋಗು.’

ಚೊಂಬು ಎತ್ತಿ ಕುಡಿದೆ. ಕಾಗದ ಹಿಡಿದುಕೊಂಡು ಹನ್ನೊಂದರಲ್ಲಿ ಮೊದಲನೆಯದರ ಕಡೆ ನಡೆದೆ.